ಹಿಂದಿನ ಆಕ್ಸಲ್ ಪಿನಿಯನ್ ಸೀಲ್ ಬದಲಾವಣೆ: ಎರಿ ಮಣ್ಣು ಮಾಡಿದ ಕೆಲಸ

ಗಾಡಿ: ಹಳೇ ಫೋರ್ ವೀಲ್ ಜೀಪು. ಓಡಾಟ ವಿಜಯಪುರ, ತಾಳಿಕೋಟೆ ಕಡೆಯ ಎರಿ ಹೊಲ, ಡೋಣಿ ನದಿ ದಂಡೆ. ಹಿಂದಿನ ಹೌಸಿಂಗ್ (ಆಕ್ಸಲ್ ಗೇರುಗಳ ಡಬ್ಬಿ) ಡಾನಾ 44 ಮಾದರಿ. ಅದರಲ್ಲಿ ಶಾಫ್ಟ್ ತಿರುಗಿಸುವ ಸಣ್ಣ ಗೇರು ಪಿನಿಯನ್, ಅದರ ಬಾಯಲ್ಲಿ ಎಣ್ಣೆ ತಡೆಯುವ ರಬ್ಬರ್ ತುಟಿಯ ಬಳೆ ಸೀಲ್. ಪ್ರೀಲೋಡ್, ಅಂದರೆ ಪಿನಿಯನ್ ಬೇರಿಂಗ್‌ಗೆ ಕೊಟ್ಟ ಬಿಗಿ, ಕೂತಿರುವುದು ಶಿಮ್ (ತೆಳು ಲೋಹದ ಬಿಲ್ಲೆ) ಮೇಲೆ.

ಶನಿವಾರ, ಬಿಚ್ಚುವ ಮುಂಚೆ

ಹೌಸಿಂಗ್ ಮೂತಿಯನ್ನು (ಪಿನಿಯನ್ ಹೊರಬರುವ ಜಾಗ) ಡೀಸೆಲ್‌ನಿಂದ ತೊಳೆದು, ಒರೆಸಿ, 10 ಕಿ.ಮೀ. ಓಡಿಸಿ ನೋಡಿದ್ದಾಯಿತು. ಫ್ಲ್ಯಾಂಜ್ (ಪಿನಿಯನ್ ತುದಿಗೆ ಶಾಫ್ಟ್ ಜೋಡಿಸುವ ತುಂಡು) ಸುತ್ತ ಎಣ್ಣೆ ಎರಚಿ, ಮೇಲಿನ ತಗಡಿನಲ್ಲಿ ಅಡ್ಡಗೆರೆ ಮೂಡಿತ್ತು. ಗಂಧಕದ ನಾತ, ಅಂದರೆ ಗೇರ್ ಆಯಿಲ್ಲೇ. ಫ್ಲ್ಯಾಂಜ್ ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಆಟ ಇರಲಿಲ್ಲ. ಆಟ ಇದ್ದರೆ ಬೇರಿಂಗ್ ಹೋಗಿದೆ, ಬರೀ ಸೀಲ್ ಹಾಕಿ ಉಪಯೋಗವಿಲ್ಲ.

ಬ್ರೀದರ್ (ಹೌಸಿಂಗ್ ಗಾಳಿ ಆಡುವ ತೂತು) ಕ್ಯಾಪ್ ತಿರುವಿದರೆ ತಿರುಗಲಿಲ್ಲ. ಎರಿ ಮಣ್ಣು ಒಣಗಿ ಸಿಮೆಂಟಿನಂತೆ ಕಚ್ಚಿತ್ತು. ಕಾರಣ ಇಲ್ಲೇ ಇದೆ: ಹೌಸಿಂಗ್ ಕಾದಾಗ ಒಳಗಿನ ಗಾಳಿಗೆ ಹೋಗಲು ದಾರಿ ಇಲ್ಲ, ಸೀಲ್ ತುಟಿ ಎತ್ತಿ ಎಣ್ಣೆ ಸಮೇತ ಹೊರಬರುತ್ತದೆ. ಕಾದ ಹೌಸಿಂಗ್ ಹಳ್ಳದ ನೀರಿಗೆ ಇಳಿದರೆ ಉಲ್ಟಾ, ನೀರನ್ನೇ ಒಳಗೆಳೆಯುತ್ತದೆ. ಆಗ ಎಣ್ಣೆ ಹಾಲು ಬೆರೆಸಿದ ಚಹಾದಂತಾಗುತ್ತದೆ. ಇದರಲ್ಲಿ ಇನ್ನೂ ಆಗಿರಲಿಲ್ಲ.

ಭಾನುವಾರ, ಬಿಚ್ಚಿದ್ದು

ಮುಂದಿನ ಗಾಲಿಗಳಿಗೆ ಎರಡೂ ಕಡೆ ಕಲ್ಲು, ಹಿಂದಿನ ಆಕ್ಸಲ್ ಸ್ಟ್ಯಾಂಡ್ ಮೇಲೆ, ಹ್ಯಾಂಡ್ ಬ್ರೇಕ್ ಬಿಡುಗಡೆ. ಜಾಯಿಂಟ್ ಬಿಚ್ಚುವ ಮುಂಚೆ ಶಾಫ್ಟ್‌ಗೂ ಫ್ಲ್ಯಾಂಜ್‌ಗೂ ಗುರುತು. ಶಾಫ್ಟ್ ಕೆಳಗಿಳಿದ ಮೇಲೆ ಫ್ಲ್ಯಾಂಜ್, ಪಿನಿಯನ್ ತುದಿ, ನಟ್ ಮೂರಕ್ಕೂ ಒಂದೇ ಗೆರೆಯಲ್ಲಿ ಪಂಚ್. ಇನ್ನು ಪಿನಿಯನ್ ತಿರುಗಲು ಎಷ್ಟು ಬಲ ಬೇಕೆಂದು ಅಳೆಯಬೇಕು. ಅದಕ್ಕೆ ಮುಂಚೆ ಡ್ರಮ್ ತೆಗೆಯಿರಿ, ಬ್ರೇಕ್ ಉಜ್ಜಿದರೆ ಅಳತೆ ಸುಳ್ಳಾಗುತ್ತದೆ.

ಈ ಬಲ ಅಳೆಯುವ ಇಂಚ್-ಪೌಂಡ್ ಗೇಜ್ ಇಲ್ಲದವರಿಗೆ ಸ್ಪ್ರಿಂಗ್ ಕಾಟಾ ಸಾಕು. ಫ್ಲ್ಯಾಂಜ್‌ಗೆ ದಾರ ಸುತ್ತಿ ಕಾಟಾದಿಂದ ನಿಧಾನ ಎಳೆಯಿರಿ. ಮೊದಲ ಜಗ್ಗನ್ನು ಲೆಕ್ಕಕ್ಕೆ ಹಿಡಿಯಬಾರದು, ತಿರುಗುತ್ತಿರುವಾಗಿನ ತೂಕವನ್ನೇ ಓದಬೇಕು. ಇಲ್ಲಿ ಅರ್ಧವ್ಯಾಸ 5 ಸೆಂ.ಮೀ., ಕಾಟಾ 3 ಕೆಜಿ: 15 ಕೆಜಿ-ಸೆಂ.ಮೀ., ಸುಮಾರು 1.5 ನ್ಯೂಟನ್ ಮೀಟರ್. ಬರೆದಿಟ್ಟೆವು.

ಎರಡು ತೂತಿನ, ಮೂರಡಿ ಆಂಗಲ್ ಪಟ್ಟಿಯನ್ನು ಫ್ಲ್ಯಾಂಜ್‌ಗೆ ಬೋಲ್ಟ್ ಮಾಡಿ ನೆಲಕ್ಕೆ ಆನಿಸಿ, ಪಾನಾಕ್ಕೆ ಪೈಪ್ ತೊಡಿಸಿ ನಟ್ ಬಿಡಿಸಿದ್ದು. ಫ್ಲ್ಯಾಂಜ್‌ಗೆ ಪುಲ್ಲರ್ರೇ ಬೇಕು. ಸುತ್ತಿಗೆ ಬೀಸಿದರೆ ಬೇರಿಂಗ್‌ಗೆ ಪೆಟ್ಟು. ಹಳೇ ಸೀಲ್ ಕಿತ್ತ ಮೇಲೆ ಔಟರ್ ಬೇರಿಂಗ್ ಕೈಗೆ ಜಾರಿ ಬರಬಹುದು. ಅದರ ಹಿಂದಿನ ಶಿಮ್ ಎಷ್ಟಿದ್ದವೋ ಅಷ್ಟೇ ಮರಳಿ ಕೂರಬೇಕು.

ಫ್ಲ್ಯಾಂಜ್ ಮೇಲೆ ತುಟಿ ಸವೆಸಿದ ಗೆರೆಗೆ ಉಗುರು ಸಿಕ್ಕಿತು. ಇಂಥದ್ದನ್ನು ಲೇತ್‌ಗೆ ಕೊಟ್ಟಾಗ ಎಮರಿ ಕಾಗದವನ್ನು ಪಕ್ಕಕ್ಕೆ ಸರಿಸುತ್ತ ಉಜ್ಜುವುದುಂಟು. ಆಗ ಉಳಿಯುವ ಸುರುಳಿ ಗೀರು ಸ್ಕ್ರೂ ಥರ ಎಣ್ಣೆಯನ್ನು ಹೊರಗೆ ತಳ್ಳುತ್ತದೆ, ಹೊಸ ಸೀಲೂ ತಡೆಯದು. ಎಮರಿ ಒಂದೇ ಜಾಗದಲ್ಲಿ ನಿಲ್ಲಬೇಕು. ಗೆರೆ ಆಳವಿದ್ದರೆ ತೆಳು ಸ್ಟೀಲ್ ಸ್ಲೀವ್ ತೊಡಿಸಿ. ಇಲ್ಲಿ ಅದನ್ನೇ ಮಾಡಿದ್ದು.

ಜೋಡಣೆ

ಸೀಲ್ ಕೊಳ್ಳುವಾಗ ಮುಖದ ಮೇಲಿನ ಒಳವ್ಯಾಸ, ಹೊರವ್ಯಾಸ, ದಪ್ಪ ಮೂರನ್ನೂ ಹಳೆಯದಕ್ಕೆ ತಾಳೆ ನೋಡಿ. ಸ್ಪ್ರಿಂಗ್ ಇರುವ ಮುಖ ಒಳಕ್ಕೆ, ತುಟಿಗೆ ಗ್ರೀಸ್. ಅಗಲ ಪೈಪ್ ಇಟ್ಟು ಸುತ್ತಲೂ ಸಮನಾಗಿ ಬಡಿಯಬೇಕು. ಸ್ಪ್ಲೈನ್‌ಗೂ ವಾಶರ್ ಅಡಿಗೂ ತೆಳುವಾಗಿ ಸಿಲಿಕೋನ್ ಸೀಲೆಂಟ್. ಸ್ಪ್ಲೈನ್ ಅಂದರೆ ಫ್ಲ್ಯಾಂಜ್ ಕಚ್ಚಿ ಕೂರುವ ಪಿನಿಯನ್ ಮೇಲಿನ ಹಲ್ಲುಗೆರೆ. ಬಹಳ ಜನ ಇದನ್ನು ಬಿಡುತ್ತಾರೆ. ಎಣ್ಣೆ ಸ್ಪ್ಲೈನ್ ಸಂದಿಯಿಂದ ನಟ್ ಹತ್ತಿರ ಬಂದರೆ ಬೈಗುಳ ಸೀಲ್‌ಗೆ.

ಹೊಸ ಲಾಕ್ ನಟ್, 270 ನ್ಯೂಟನ್ ಮೀಟರ್. ಕಾಟಾ ಮತ್ತೆ ಹಾಕಿದಾಗ 16 ಕೆಜಿ-ಸೆಂ.ಮೀ. ಹೆಚ್ಚಾದ ಆ ಒಂದು ಹೊಸ ತುಟಿಯ ಬಿಗಿ, ಅಷ್ಟು ಇರುತ್ತದೆ.

ಶಿಮ್ ಬದಲು ಕ್ರಶ್ ಸ್ಲೀವ್ (ನಟ್ ಬಿಗಿದಂತೆ ಕುಗ್ಗುವ ಕೊಳವೆ) ಇರುವ ಹೌಸಿಂಗ್‌ಗೆ ಈ ಟಾರ್ಕ್ ಹಾಕಲೇಬೇಡಿ. ಅದರಲ್ಲಿ ನಟ್ ಹಳೇ ಗುರುತಿಗೆ ಬಂದು, ಹಳೇ ಅಳತೆಗಿಂತ ಕೂದಲೆಳೆ ಹೆಚ್ಚಾದರೆ ಸಾಕು. ಮೀರಿ ಬಿಗಿದ ಸ್ಲೀವ್ ಚಪ್ಪಟೆ, ನಟ್ ಸಡಿಲಿಸಿದರೂ ಸರಿಹೋಗದು, ಹೊಸದೇ ಬೇಕು.

ಎಣ್ಣೆ 80ಡಬ್ಲ್ಯೂ-90, ಜಿಎಲ್-5, ತುಂಬುವ ತೂತಿನ ಅಂಚಿನ ತನಕ. ಬ್ರೀದರ್ ಜಾಗದಲ್ಲಿ ನಿಪ್ಪಲ್ ಕೂರಿಸಿ, ಅಲ್ಲಿಂದ 8 ಎಂಎಂ ರಬ್ಬರ್ ಪೈಪನ್ನು ಚೌಕಟ್ಟಿನ ಮೇಲ್ಭಾಗಕ್ಕೆ ಒಯ್ದು, ತುದಿಗೆ ಸಣ್ಣ ಪೆಟ್ರೋಲ್ ಫಿಲ್ಟರ್. ಆಕ್ಸಲ್ ಪೂರ್ತಿ ಕೆಳಗಿಳಿದಾಗಲೂ ಪೈಪ್ ಬಿಗಿಯಾಗದಷ್ಟು ಸಡಿಲು ಬಿಟ್ಟಿದ್ದೇವೆ.

200 ಕಿ.ಮೀ. ನಂತರ

ಮೂತಿ ಒಣಗಿದೆ. ಮಟ್ಟ ಇಳಿದಿಲ್ಲ. ಮುಂದಿನ ಆಕ್ಸಲ್ ಬ್ರೀದರ್ ಬಿಚ್ಚಿದರೆ ಅಲ್ಲೂ ಅದೇ ಮಣ್ಣು, ಬರುವ ವಾರ ಅದಕ್ಕೂ ಪೈಪ್.