ಒಂದೇ ಮಗುವಿನಲ್ಲಿ ಕಾಲು ಭಾಗ ಅಂದ್ರೆ ಎಷ್ಟು?

"ನನಗೆ ಬೇಕಿರೋದೇ ಒಂದು ಮಗು ಮೇಡಂ. ಒಂದೇ ಮಗುವಿನಲ್ಲಿ ಕಾಲು ಭಾಗ ಅಂದ್ರೆ ಎಷ್ಟು?"

ಈ ವಾರವೆಲ್ಲಾ ನನ್ನ ತಲೆಯಲ್ಲಿ ಸುತ್ತುತ್ತಿರುವುದು ಇದೊಂದೇ ಪ್ರಶ್ನೆ. ಕೇಳಿದ್ದು ನನ್ನ ಗೆಳತಿಯ ಮಗಳು. ಕೇಳಿಸಿಕೊಂಡವರು ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ ಜೆನೆಟಿಕ್ ಕೌನ್ಸೆಲರ್, ಅವಳನ್ನು ಮದುವೆಯಾಗಬೇಕಿರುವ ಹುಡುಗ, ಹುಡುಗನ ಸೋದರತ್ತೆ, ಮತ್ತೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಎಲ್ಲರ ಬ್ಯಾಗು ಹಿಡಿದುಕೊಂಡು ಕೂತಿದ್ದ ನಾನು. ಗೆಳತಿಗೆ ಆಸ್ಪತ್ರೆ ಅಂದರೆ ಆಗುವುದಿಲ್ಲ. ಮಗಳ ಜೊತೆ ನನ್ನನ್ನು ಕಳಿಸಿ ತಾನು ಮನೆಯಲ್ಲಿ ಫೋನು ಹಿಡಿದು ಕೂತಿದ್ದಳು.

ಹುಡುಗನ ತಮ್ಮನಿಗೆ ಸಿಕಲ್ ಸೆಲ್ ಕಾಯಿಲೆ, ಅಪ್ಪ ಅಮ್ಮನಿಂದ ಜೀನಿನ ಮೂಲಕ ಬರುವ ರಕ್ತದ ಕಾಯಿಲೆ. ಹಾಗಾಗಿ ಹುಡುಗ ಚಿಕ್ಕವನಿದ್ದಾಗಲೇ ಪರೀಕ್ಷೆ ಆಗಿತ್ತು, ತಾನು ಕ್ಯಾರಿಯರ್, ಅಂದರೆ ಕಾಯಿಲೆ ಇಲ್ಲದಿದ್ದರೂ ಅದರ ಜೀನು ಇರುವವನು, ಅಂತ ಅವನಿಗೆ ಗೊತ್ತಿತ್ತು. ಹುಡುಗಿಯ ಮನೆಯಲ್ಲಿ ಯಾರಿಗೂ ಇಂಥ ಕಾಯಿಲೆ ಇದ್ದ ನೆನಪಿಲ್ಲ. ಆ ಧೈರ್ಯದ ಮೇಲೆ ಮಾತುಕತೆ ಮುಗಿದು ದಿನವೂ ಗೊತ್ತಾಯಿತು. ಕೊನೆಗೆ ಪಟ್ಟು ಹಿಡಿದವನು ಆ ತಮ್ಮ. "ಅತ್ತಿಗೆದು ಟೆಸ್ಟ್ ಆಗದೆ ನಾನು ಮದುವೆಗೆ ಬರಲ್ಲ" ಅಂದನಂತೆ. ಸುಮ್ನೆ ಹೆದರಿಸಲು ಹೇಳಿದ ಮಾತಲ್ಲ, ಅವನು ಹಾಗೆ ಮಾಡುವವನೇ.

ಮೊದಲು ಮಾಡಿಸಿದ್ದು ಬೇಗ ಆಗುವ ಟೆಸ್ಟು. ಚೀಟಿಯಲ್ಲಿ 'ಪಾಸಿಟಿವ್' ಅಂತ ಬರೆದು ಕೈಗೆ ಕೊಟ್ಟರು, ಅಷ್ಟೇ. ಮುಂದೆ ಒಂದು ಮಾತಿಲ್ಲ. ಹುಡುಗಿ ತನಗೆ ಕಾಯಿಲೆಯೇ ಇದೆ ಅಂದುಕೊಂಡು ರಾತ್ರಿಯೆಲ್ಲಾ ಅತ್ತಿದ್ದಾಳೆ. ಆ ಟೆಸ್ಟು ಹೇಳುವುದು ರಕ್ತದಲ್ಲಿ ಸಿಕಲ್ ಹಿಮೋಗ್ಲೋಬಿನ್ ಇದೆ ಅನ್ನುವುದನ್ನು ಮಾತ್ರ. ಕಾಯಿಲೆಯೋ, ಬರೀ ಕ್ಯಾರಿಯರೋ ಅನ್ನುವುದು ಅದರಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೋಫೊರೆಸಿಸ್ ಅನ್ನುವ ಲ್ಯಾಬ್ ಪರೀಕ್ಷೆ ಆಗಬೇಕು. ಅಲ್ಲಿ ಸರಿಯಾದ ಹಿಮೋಗ್ಲೋಬಿನ್ 'ಎ' ಎಷ್ಟು, ಸಿಕಲ್ ಹಿಮೋಗ್ಲೋಬಿನ್ 'ಎಸ್' ಎಷ್ಟು ಅಂತ ಬಿಡಿಸಿ ಕಾಣುತ್ತದೆ. ಅವಳದ್ದರಲ್ಲಿ ಎರಡೂ ಇತ್ತು, 'ಎ' ಜಾಸ್ತಿ ಇತ್ತು. ಅಂದರೆ ಕ್ಯಾರಿಯರ್. ಒಂದು ಜೀನು ಸಿಕಲ್‌ನದು, ಇನ್ನೊಂದು ಸರಿಯಾದದ್ದು. ಇದು ಕಾಯಿಲೆಯಲ್ಲ. ಹೆಚ್ಚಿನವರು ಇದೇ ಸ್ಥಿತಿಯಲ್ಲಿ ಏನೂ ತೊಂದರೆಯಿಲ್ಲದೆ ಮುದುಕರಾಗುತ್ತಾರೆ. ಇಷ್ಟನ್ನು ಆ ಚೀಟಿ ಕೊಟ್ಟವರು ಒಂದೇ ಸಾಲಿನಲ್ಲಿ ಹೇಳಬಹುದಿತ್ತು. ಹೇಳದೇ ಇದ್ದದ್ದಕ್ಕೆ ನನಗೆ ಈಗಲೂ ಸಿಟ್ಟಿದೆ.

ಕೌನ್ಸೆಲರ್ ಒಳ್ಳೆಯವರು. ವರದಿ ಓದಿ ಹೇಳುವುದಕ್ಕಿಂತ ಮೊದಲು ನೀರು ಕೊಟ್ಟರು. ಆಮೇಲೆ ಹಳೆಯ ಹಾಳೆಯೊಂದನ್ನು ಹಿಂದುಮುಂದು ಮಾಡಿ ನಾಲ್ಕು ಚೌಕ ಹಾಕಿದರು. ಅಪ್ಪನಿಂದ ಒಂದು ಜೀನು, ಅಮ್ಮನಿಂದ ಒಂದು. ಒಂದು ಚೌಕ ಖಾಲಿ ಬಿಟ್ಟರು, ಆ ಮಗುವಿಗೆ ಏನೂ ಇಲ್ಲ. ಎರಡು ಚೌಕಕ್ಕೆ ಅರ್ಧ ಗೆರೆ ಎಳೆದರು, ಆ ಮಕ್ಕಳು ಅಪ್ಪ ಅಮ್ಮನ ಹಾಗೆ ಕ್ಯಾರಿಯರ್. ನಾಲ್ಕನೆಯದಕ್ಕೆ ಪೂರ್ತಿ ಮಸಿ ತುಂಬಿದರು, ಆ ಮಗುವಿಗೆ ಕಾಯಿಲೆ. ಅಂದರೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಕಾಲು ಭಾಗ. ತುಂಬುವಾಗ ಹುಡುಗಿಯ ಮುಖ ನೋಡುತ್ತಾ ಮಾತಾಡುತ್ತಿದ್ದರಲ್ಲ, ಪೆನ್ನು ನಿಲ್ಲಲೇ ಇಲ್ಲ. ಹಾಳೆ ಒದ್ದೆಯಾಗಿ, ಹಿಂಬದಿಗೆ ಉಬ್ಬಿಕೊಂಡಿತ್ತು. ಅವಳು ಹಾಳೆ ಎತ್ತಿ ಆ ಉಬ್ಬನ್ನು ಹೆಬ್ಬೆರಳಲ್ಲಿ ಸವರಿದಳು. ಆಗಲೇ ಕೇಳಿದ್ದು.

ಒಂದೇ ಮಗುವಿನಲ್ಲಿ ಕಾಲು ಭಾಗ ಅಂದ್ರೆ ಎಷ್ಟು?

ಕೌನ್ಸೆಲರ್ ಪೆನ್ನು ಕೆಳಗಿಟ್ಟರು. "ಮಗುವಿಗೆ ಕಾಲು ಭಾಗ ಕಾಯಿಲೆ ಬರಲ್ಲಮ್ಮಾ. ಬಂದ್ರೆ ಪೂರ್ತಿ ಬರುತ್ತೆ, ಇಲ್ಲಾಂದ್ರೆ ಇಲ್ಲ. ಕಾಲು ಭಾಗ ಅನ್ನೋದು ನಮ್ಮ ಲೆಕ್ಕ, ಮಗುವಿನ ಲೆಕ್ಕ ಅಲ್ಲ" ಅಂದರು.

ಹುಡುಗ ತಕ್ಷಣ ಬಾಯಿ ಹಾಕಿದ. "ಹಾಗಾದ್ರೆ ಒಂದು ಮಗುವಿಗೆ ಬಂದುಬಿಟ್ರೆ ಮುಂದಿನ ಮೂರಕ್ಕೆ ಬರಲ್ಲ, ಅಲ್ವಾ?" ಓದಿದ ಹುಡುಗ. ಆದರೂ ನಾವೆಲ್ಲ ಹಾಗೇ ಯೋಚಿಸುವುದು. ಪ್ರತಿ ಗರ್ಭಕ್ಕೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ, ಹಿಂದಿನ ಮಗುವಿನ ಜಮಾ ಖರ್ಚು ಅಲ್ಲಿ ನಡೆಯುವುದಿಲ್ಲ ಅಂತ ಅವರು ತಾಳ್ಮೆಯಿಂದ ಹೇಳಿದರು. ನಾಲ್ಕೂ ಮಕ್ಕಳಿಗೆ ಬಂದ ಮನೆಗಳಿವೆ, ಒಬ್ಬರಿಗೂ ಬಾರದ ಮನೆಗಳೂ ಇವೆ.

ಇನ್ನು ಸೋದರತ್ತೆಯ ವಿಷಯ. ಮೇಜಿನ ಮೇಲೆ ಎರಡು ವರದಿ ಇತ್ತು, ಒಂದು ಹುಡುಗನದು, ಒಂದು ಹುಡುಗಿಯದು. ಎರಡರಲ್ಲೂ ಬರೆದದ್ದು ಒಂದೇ. ಈಯಮ್ಮ ಕನ್ನಡಕ ಹಾಕಿಕೊಂಡು ಹುಡುಗಿಯದನ್ನು ಮಾತ್ರ ಎತ್ತಿ ಓದಿದರು. ಇಟ್ಟು, ಮತ್ತೆ ಎತ್ತಿ ಓದಿದರು. ಆಮೇಲೆ "ಎಲ್ಲಾ ಸರಿ, ಈ ಹುಡುಗಿಗೆ ಇದು ಎಲ್ಲಿಂದ ಬಂತು?" ಅಂದರು. ಅವರ ಸ್ವಂತ ಅಣ್ಣನ ಮನೆಯಲ್ಲಿ ಮಗ ನೋವು ತಿನ್ನುತ್ತಾ ಬೆಳೆದಿದ್ದಾನೆ. ಹುಡುಗನ ವರದಿ ಕಣ್ಣೆದುರಿಗೇ ಇದೆ. ಆದರೂ ದೋಷ ಬಂದದ್ದು ಹೊರಗಿನಿಂದ, ಹೆಣ್ಣಿನ ಕಡೆಯಿಂದ. ಕೌನ್ಸೆಲರ್ ನಗುತ್ತಲೇ "ನಿಮ್ಮಣ್ಣ ಕ್ಯಾರಿಯರ್ ಅಂದಮೇಲೆ ನೀವೂ ಆಗಿರೋ ಸಾಧ್ಯತೆ ಅರ್ಧಕ್ಕರ್ಧ ಇದೆ. ನೀವೂ ಒಮ್ಮೆ ಮಾಡಿಸಿ, ನಿಮ್ಮ ಮಕ್ಕಳಿಗೂ ಒಳ್ಳೇದು" ಅಂದರು. "ನನಗ್ಯಾಕೆ? ನನ್ನ ಮದುವೆಯಾಗಿ ಯಾವ ಕಾಲ ಆಯ್ತು" ಅಂತ ವರದಿಯನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ಅವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಆದರೆ ಅಂಥವರನ್ನು ಆ ಕೋಣೆಯೊಳಗೆ ಬಿಡಬಾರದು ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ.

ದೋಷ ಅನ್ನುವವರಿಗೆ ಒಂದು ಮಾತು ಹೇಳಬೇಕು. ಈ ಜೀನು ಇಷ್ಟು ಜನರಲ್ಲಿ ಉಳಿದುಕೊಂಡಿರುವುದಕ್ಕೆ ಕಾರಣ ಮಲೇರಿಯಾ. 1954ರಲ್ಲಿ ಆಂಥನಿ ಆಲಿಸನ್ ಅನ್ನುವ ವೈದ್ಯ ಪೂರ್ವ ಆಫ್ರಿಕಾದಲ್ಲಿ ಇದನ್ನು ತೋರಿಸಿಕೊಟ್ಟ. ಒಂದೇ ಸಿಕಲ್ ಜೀನು ಇರುವ ಮಕ್ಕಳು ಮಲೇರಿಯಾದಲ್ಲಿ ಉಳಿಯುವುದು ಜಾಸ್ತಿ. ಅದಕ್ಕೇ ಮಲೇರಿಯಾ ಕಾಡಿದ ಎಷ್ಟೋ ಕಡೆ ಇದೂ ಇದೆ. ಆಫ್ರಿಕಾ, ಅರಬ್ ನಾಡು, ಗ್ರೀಸು, ನಮ್ಮ ದೇಶದ ಬುಡಕಟ್ಟುಗಳು. ಇಲ್ಲಿ ಮೊದಲು ಕಂಡದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ಅಜ್ಜಂದಿರ ಜೀವ ಉಳಿಸಿದ್ದೇ ಮೊಮ್ಮಗಳ ಮದುವೆ ಮಾತಿನಲ್ಲಿ ಕಳಂಕವಾಗಿ ಕೂರುತ್ತದೆ ಅಂದರೆ ಏನು ಹೇಳುವುದು.

ಹಾಗಾದರೆ ಮದುವೆಗೆ ಮೊದಲು ಎಲ್ಲರಿಗೂ ಟೆಸ್ಟು ಮಾಡಿಬಿಟ್ಟರೆ ಆಯಿತಲ್ಲ ಅಂತ ಮನೆಗೆ ಬಂದಮೇಲೆ ನನ್ನ ಗಂಡ ಅಂದ. ಅಷ್ಟು ಸುಲಭ ಅಲ್ಲ ಅನ್ನುವುದಕ್ಕೆ ಗ್ರೀಸಿನ ಓರ್ಕೊಮೆನೊಸ್ ಅನ್ನುವ ಊರಿನ ಕಥೆ ಇದೆ. ಅಲ್ಲಿ ಜನರನ್ನು ಪರೀಕ್ಷಿಸಿ, ಯಾರು ಕ್ಯಾರಿಯರ್ ಅಂತ ಅವರವರಿಗೆ ತಿಳಿಸಿದರು. ಇಬ್ಬರು ಕ್ಯಾರಿಯರ್‌ಗಳು ಮದುವೆಯಾಗುವುದು ಕಡಿಮೆಯಾಗಲಿ ಅನ್ನುವುದು ಉದ್ದೇಶ. ಆಗಿದ್ದೇನು? ಕ್ಯಾರಿಯರ್ ಅಂದರೆ ಸಾಕು, ಸಂಬಂಧ ಕುದುರುವುದು ಕಷ್ಟವಾಯಿತು. ಜನ ವಿಷಯ ಮುಚ್ಚಿಡಲು ಶುರುಮಾಡಿದರು. ಕೊನೆಗೆ ಲೆಕ್ಕ ನೋಡಿದರೆ, ಇಬ್ಬರೂ ಕ್ಯಾರಿಯರ್ ಆಗಿದ್ದ ಮದುವೆಗಳು ಪರೀಕ್ಷೆಯೇ ಇಲ್ಲದಿದ್ದರೆ ಎಷ್ಟಾಗುತ್ತಿದ್ದವೋ ಹೆಚ್ಚುಕಮ್ಮಿ ಅಷ್ಟೇ ಆಗಿದ್ದವು. ಜಾರ್ಜ್ ಸ್ಟಮಟೊಯಾನೊಪೌಲೋಸ್ ಅನ್ನುವ ಸಂಶೋಧಕರು ಇದನ್ನು 1970ರ ದಶಕದಲ್ಲಿ ಬರೆದಿಟ್ಟಿದ್ದಾರೆ. ಓದುತ್ತಿದ್ದಾಗ ನನ್ನ ಕಣ್ಣಮುಂದೆ ಬಂದದ್ದು ಕನ್ನಡಕ ಹಾಕಿಕೊಂಡು ಒಂದೇ ವರದಿಯನ್ನು ಎತ್ತಿದ ಆ ಕೈ. ಅಂಥ ಕೈಗಳು ಆ ಊರಲ್ಲೂ ಇದ್ದಿರಬೇಕು. ಯಾರು ತಾನೇ ನಿಜ ಹೇಳುತ್ತಾರೆ?

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. ಸಿಕಲ್ ಸೆಲ್ ಒಂದು ಅಣುವಿನ ಕಾಯಿಲೆ ಅಂತ 1949ರಲ್ಲಿ ತೋರಿಸಿದ ಲೈನಸ್ ಪೌಲಿಂಗ್, ನೊಬೆಲ್ ಪಡೆದವನು, 1968ರಲ್ಲಿ ಏನು ಬರೆದ ಗೊತ್ತಾ? ಈ ಜೀನು ಇರುವ ಹರೆಯದವರ ಹಣೆಯ ಮೇಲೆ ಹಚ್ಚೆ ಹಾಕಿಬಿಡಬೇಕಂತೆ. ನೋಡಿದ ತಕ್ಷಣ ಗೊತ್ತಾಗಿ ಇಬ್ಬರು ಕ್ಯಾರಿಯರ್‌ಗಳು ಪ್ರೀತಿಗೆ ಬೀಳದಿರಲಿ ಅಂತ. ಬುದ್ಧಿ ಎಷ್ಟಿದ್ದರೇನು! ಅಮೆರಿಕದಲ್ಲಿ 1970ರ ದಶಕದ ಮೊದಲಲ್ಲಿ ಕಪ್ಪು ಜನರಿಗೆ ಕಡ್ಡಾಯ ಪರೀಕ್ಷೆ ಅಂತ ಕೆಲವು ರಾಜ್ಯಗಳು ಕಾನೂನು ಮಾಡಿದವು. ಕಾಯಿಲೆಗೂ ಕ್ಯಾರಿಯರ್‌ಗೂ ವ್ಯತ್ಯಾಸ ಗೊತ್ತಿಲ್ಲದವರು ಬರೆದ ಕಾನೂನುಗಳೂ ಅದರಲ್ಲಿದ್ದವು. ಏನೂ ಕಾಯಿಲೆಯಿಲ್ಲದವರು ಕೆಲಸಕ್ಕೆ, ವಿಮೆಗೆ ಪರದಾಡಿದರು.

ಸೌದಿ ಅರೇಬಿಯಾದಲ್ಲಿ 2004ರಿಂದ ಮದುವೆಗೆ ಮೊದಲು ಪರೀಕ್ಷೆ ಕಡ್ಡಾಯ. ಆದರೆ ಫಲಿತಾಂಶ ಏನೇ ಬರಲಿ, ಮದುವೆ ಬೇಕೋ ಬೇಡವೋ ಅನ್ನುವುದು ಅವರವರಿಗೆ ಬಿಟ್ಟದ್ದು. ಮೊದಮೊದಲು ಇಬ್ಬರಿಗೂ ಜೀನು ಇದೆ ಅಂತ ಗೊತ್ತಾದ ಜೋಡಿಗಳಲ್ಲಿ ಹತ್ತರಲ್ಲಿ ಒಂಬತ್ತು ಮದುವೆಯಾಗೇಬಿಟ್ಟವು. 2009ರ ಹೊತ್ತಿಗೆ ಸುಮಾರು ಅರ್ಧದಷ್ಟು ಜೋಡಿಗಳು ಹಿಂದೆ ಸರಿದವು. ಮೊದಲಿನವರು ದಡ್ಡರು ಅಂತ ನನಗೆ ಅನ್ನಿಸುವುದಿಲ್ಲ. ಎಲ್ಲ ಸಿದ್ಧವಾಗಿ, ಮನಸ್ಸು ಕೂಡಿ, ಹತ್ತು ಜನರಿಗೆ ಹೇಳಿಯಾದ ಮೇಲೆ ರಕ್ತ ತೆಗೆದರೆ ಇನ್ನೇನಾಗುತ್ತದೆ? ಆಗ ಕೈಗೆ ಬರುವ ಕಾಗದ ಏನನ್ನೂ ತಿಳಿಸುವುದಿಲ್ಲ, ತೀರ್ಪು ಕೊಡುತ್ತದೆ. ಮದುವೆ ಮಾತು ಎತ್ತುವ ಎಷ್ಟೋ ಮೊದಲೇ, ಮನಸ್ಸಿನಲ್ಲಿ ಯಾರೂ ಇಲ್ಲದ ಕಾಲದಲ್ಲಿ ಈ ವಿಷಯ ಗೊತ್ತಿರಬೇಕು, ನಮ್ಮ ಬ್ಲಡ್ ಗ್ರೂಪ್ ನಮಗೆ ಗೊತ್ತಿರುವ ಹಾಗೆ. ನಮ್ಮಲ್ಲಿ 2023ರ ಜುಲೈಯಲ್ಲಿ ಶುರುವಾದ ಸಿಕಲ್ ಸೆಲ್ ಮಿಷನ್ ಹುಟ್ಟಿದ ಮಗುವಿನಿಂದ 40 ವರ್ಷದವರ ತನಕ 7 ಕೋಟಿ ಜನರನ್ನು ಪರೀಕ್ಷಿಸುವ ಗುರಿ ಇಟ್ಟುಕೊಂಡಿದೆ. ಆ ವಯಸ್ಸಿನ ಲೆಕ್ಕ ನನಗೆ ಸರಿ ಅನ್ನಿಸಿದ್ದು ಇದಕ್ಕೇ.

ಆಸ್ಪತ್ರೆಗೆ ಹೋಗಿ ಬಂದ ಮರುದಿನ ಹುಡುಗನ ತಮ್ಮ ಮನೆಗೆ ಬಂದಿದ್ದ. ಅವನ ಬಗ್ಗೆ ನನಗೊಂದು ಸಲಿಗೆ ಇದೆ. ಕಾಯಿಲೆ ಏನು ಮಾಡುತ್ತದೆ ಅಂತ ನಾನು ಓದಿ ತಿಳಿದಿದ್ದೇನೆ. ಹಿಮೋಗ್ಲೋಬಿನ್‌ನ ಒಂದು ಭಾಗವಾದ ಬೀಟಾ ಗ್ಲೋಬಿನ್ ಸರಪಳಿಯಲ್ಲಿ ಆರನೇ ಕೊಂಡಿ ಗ್ಲುಟಾಮಿಕ್ ಆಮ್ಲ ಇರಬೇಕಿತ್ತು, ಅದರ ಜಾಗದಲ್ಲಿ ವ್ಯಾಲಿನ್ ಅನ್ನುವ ಬೇರೆ ಅಮೈನೋ ಆಮ್ಲ ಬಂದು ಕೂತಿದೆ. ಅಷ್ಟಕ್ಕೇ ಆಮ್ಲಜನಕ ಕಡಿಮೆಯಾದಾಗ ಕೆಂಪು ಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಕ್ಕೆ ಸಿಕ್ಕಿಕೊಳ್ಳುತ್ತದೆ. 120 ದಿನ ಬಾಳಬೇಕಾದ ಕಣ 10ರಿಂದ 20 ದಿನಕ್ಕೇ ಸಾಯುತ್ತದೆ. ಇದೆಲ್ಲ ಓದಿನ ಮಾತು. ಅವನಿಗೆ ನೋವು ಬಂದಾಗ ನಾನು ಒಮ್ಮೆ ನೋಡಿದ್ದೇನೆ. ಕೂಗುವುದಿಲ್ಲ. ಮೊಣಕಾಲು ಎದೆಗೆ ಒತ್ತಿಕೊಂಡು, ಹೊದಿಕೆಯ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಗೋಡೆ ನೋಡುತ್ತಾ ಮಲಗಿರುತ್ತಾನೆ. ಯಾರಾದರೂ ಮಂಚ ತಾಗಿಸಿದರೆ ಮಾತ್ರ ಕಣ್ಣು ಮುಚ್ಚುತ್ತಾನೆ.

ನಾನು ಕೇಳಿಯೇಬಿಟ್ಟೆ. "ಟೆಸ್ಟ್ ಬೇಕೇ ಬೇಕು ಅಂತ ನೀನು ಯಾಕಪ್ಪಾ ಅಷ್ಟು ಹಠ ಮಾಡಿದೆ? ನಿನ್ನಂಥ ಮಗು ಬೇಡ ಅಂತ ಹೇಳಿದ ಹಾಗಾಗಲ್ವಾ?"

"ಆಂಟಿ, ನಾನು ಹುಟ್ಟಬಾರದಿತ್ತು ಅಂತ ನನಗೆ ಒಂದಿನಾನೂ ಅನ್ನಿಸಿಲ್ಲ. ಇನ್ನೊಬ್ಬರಿಗೆ ಈ ನೋವು ಬರಲಿ ಅಂತಾನೂ ಅನ್ನಿಸಿಲ್ಲ. ನನ್ನ ಅಪ್ಪ ಅಮ್ಮನಿಗೆ ಏನೂ ಗೊತ್ತಿರಲಿಲ್ಲ. ಇವರಿಗಾದ್ರೂ ಗೊತ್ತಿರ್ಲಿ. ಗೊತ್ತಾದ್ಮೇಲೆ ಮದುವೆ ಆಗ್ತಾರೋ ಬಿಡ್ತಾರೋ, ಅದು ನನ್ನ ಕೆಲಸ ಅಲ್ಲ" ಅಂದ. ಅಂದು, ನೋವು ಬರುವುದನ್ನು ಕಡಿಮೆ ಮಾಡುವ ಹೈಡ್ರಾಕ್ಸಿಯೂರಿಯಾ ಮಾತ್ರೆ ನುಂಗಿ, ಕ್ರಿಕೆಟ್ ನೋಡಲು ಕೂತ.

ಮದುವೆಯಾಗಲೇಬಾರದು ಅಂತ ಕೌನ್ಸೆಲರ್ ಒಮ್ಮೆಯೂ ಹೇಳಲಿಲ್ಲ. ದಾರಿಗಳನ್ನು ಹೇಳಿದರು. ಗರ್ಭ ನಿಂತ ಮೇಲೆ 10ರಿಂದ 13 ವಾರದೊಳಗೆ ಮಾಸಿನ ಸಣ್ಣ ಚೂರು ತೆಗೆದು ನೋಡಬಹುದು, 15 ವಾರದ ನಂತರ ಗರ್ಭದ ನೀರು ತೆಗೆದು ನೋಡಬಹುದು. ಐವಿಎಫ್, ಅಂದರೆ ಲ್ಯಾಬಿನಲ್ಲಿ ಗರ್ಭ ಕಟ್ಟಿಸುವುದು, ಮಾಡಿ ಭ್ರೂಣವನ್ನು ಗರ್ಭಕೋಶಕ್ಕೆ ಇಡುವ ಮೊದಲೇ ಪರೀಕ್ಷಿಸುವುದಿದೆ. ದತ್ತು ಇದೆ. ಹಾಗೇ ಮುಂದುವರಿದು, ಹುಟ್ಟಿದ ಮಗುವಿಗೆ ಕಾಯಿಲೆ ಇದ್ದರೆ ಮೊದಲ ತಿಂಗಳುಗಳಿಂದಲೇ ಪೆನ್ಸಿಲಿನ್, ಲಸಿಕೆ, ಆರೈಕೆ ಅಂತ ನೋಡಿಕೊಳ್ಳುವುದೂ ಒಂದು ದಾರಿ. 2023ರ ಕೊನೆಯಲ್ಲಿ ಜೀನನ್ನೇ ತಿದ್ದುವ ಕ್ರಿಸ್ಪರ್ ಚಿಕಿತ್ಸೆಗೆ ಬ್ರಿಟನ್ ಮತ್ತು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ, ಆದರೆ ಅದರ ಬೆಲೆ ಕೇಳಿದರೆ ಸಾಮಾನ್ಯರು ಅತ್ತ ತಲೆ ಹಾಕುವ ಹಾಗಿಲ್ಲ. ಒಂದೊಂದು ದಾರಿಗೂ ಹುಡುಗಿ ತಲೆಯಾಡಿಸುತ್ತಿದ್ದಳು. ಹೆಬ್ಬೆರಳು ಮಾತ್ರ ಹಾಳೆಯ ಆ ಉಬ್ಬಿನ ಮೇಲೇ ಇತ್ತು. ಅವಳಿಗೆ ಬೇಕಿದ್ದದ್ದು ಒಂದು ಮಗು. ಆ ಮಗುವಿಗೆ ಈ ನಾಲ್ಕು ಚೌಕದಲ್ಲಿ ಯಾವುದು ಅನ್ನುವುದನ್ನು ಇವತ್ತೇ ಹೇಳುವವರು ಯಾರೂ ಇಲ್ಲ. ಅವಳ ಪ್ರಶ್ನೆಗೆ ಕೌನ್ಸೆಲರ್ ಕೊಟ್ಟ ಉತ್ತರ ಸರಿಯಾಗಿಯೇ ಇತ್ತು. ಅವಳಿಗೆ ಅದು ಸಾಲಲಿಲ್ಲ, ನನಗೂ ಸಾಲಲಿಲ್ಲ.

ಮದುವೆ ದಿನ ಮುಂದಕ್ಕೆ ಹೋಗಿದೆ. ಇಬ್ಬರೂ ಇನ್ನೂ ಮಾತಾಡಿಕೊಳ್ಳುತ್ತಿದ್ದಾರೆ, ಜಗಳವಾಡುತ್ತಿದ್ದಾರೆ, ಮತ್ತೆ ಮಾತಾಡುತ್ತಿದ್ದಾರೆ. ಸೋದರತ್ತೆ ನನಗೆ ಫೋನು ಮಾಡಿ "ನೀವಾದ್ರೂ ಆ ಹುಡುಗಿಗೆ ಬುದ್ಧಿ ಹೇಳಿ" ಅಂದರು. ಏನು ಬುದ್ಧಿ ಅಂತ ಕೇಳಿದೆ. ಫೋನಿಟ್ಟರು.

ಹುಡುಗಿಗೆ ಒಬ್ಬ ತಂಗಿ ಇದ್ದಾಳೆ, ಕಾಲೇಜು ಓದುತ್ತಿದ್ದಾಳೆ. ಮೊನ್ನೆ ತಾನಾಗೇ ಹೋಗಿ ರಕ್ತ ಕೊಟ್ಟು ಬಂದಿದ್ದಾಳೆ. ಬರೀ ಸಿಕಲ್ ನೋಡಿದರೆ ಸಾಲದು, ಥಲಸ್ಸೇಮಿಯಾ ಅನ್ನುವ ಇನ್ನೊಂದು ವಂಶದ ರಕ್ತದ ಕಾಯಿಲೆಯ ಜೀನು ಕೂಡ ನೋಡಿ, ಒಬ್ಬರದ್ದು ಅದು ಇನ್ನೊಬ್ಬರದ್ದು ಇದು ಸೇರಿದರೂ ಮಗುವಿಗೆ ಕಾಯಿಲೆ ಬರಬಹುದು ಅಂತ ಲ್ಯಾಬಿನವರಿಗೇ ಪಾಠ ಹೇಳಿ ಬಂದಳಂತೆ. ವರದಿ ಬಂದ ಮೇಲೆ ಮನೆಯಲ್ಲಿ ಯಾರಿಗೂ ತೋರಿಸುವುದಿಲ್ಲ ಅಂತ ಮೊದಲೇ ಹೇಳಿದ್ದಾಳೆ. ನನ್ನ ಗೆಳತಿಗೆ ಅವಳ ಮೇಲೆ ವಿಪರೀತ ಕೋಪ. "ಹೆತ್ತ ತಾಯಿಗೂ ತೋರಿಸಲ್ವಂತೆ ನೋಡೇ" ಅಂತ ನನ್ನ ಹತ್ತಿರ ದೂರು ಹೇಳಿದಳು. ತೋರಿಸಬೇಡ ಅಂತ ಆ ಹುಡುಗಿಗೆ ಹೇಳಿಕೊಟ್ಟದ್ದು ನಾನೇ ಅನ್ನುವುದು ಅವಳಿಗೆ ಇನ್ನೂ ಗೊತ್ತಿಲ್ಲ.