ಪ್ರೊಜೆಕ್ಟರ್ ಬದಲಿಸುವ ಮೊದಲು ಸೀಲಿಂಗ್ ನೋಡಿ

ಮನೆಯಲ್ಲಿ ಪ್ರೊಜೆಕ್ಟರ್ ಇಟ್ಟುಕೊಂಡವರ ದೂರು ಹೆಚ್ಚುಕಡಿಮೆ ಒಂದೇ. ಕಿಟಕಿ ಮುಚ್ಚಿದ್ದೇವೆ, ಲೈಟೆಲ್ಲ ಆರಿಸಿದ್ದೇವೆ, ಆದರೂ ಕಪ್ಪು ಕಪ್ಪಾಗಿ ಕಾಣುವುದಿಲ್ಲ, ಬೂದಿ ಬಳಿದ ಹಾಗಿದೆ. ಮುಂದಿನ ಪ್ರಶ್ನೆಯೂ ಗೊತ್ತಿರುವುದೇ: ಇದಕ್ಕಿಂತ ಒಳ್ಳೆ ಪ್ರೊಜೆಕ್ಟರ್ ಯಾವುದು ತಗೊಳ್ಳಲಿ? ನನ್ನನ್ನು ಕೇಳಿದರೆ ಸದ್ಯಕ್ಕೆ ಯಾವುದೂ ಬೇಡ. ಇರುವುದನ್ನೇ ಆನ್ ಮಾಡಿ, ಒಂದು ಬೆಳಕಿನ ದೃಶ್ಯ ಹಾಕಿ, ಪರದೆಯ ಕಡೆ ಬೆನ್ನು ತಿರುಗಿಸಿ ಕೋಣೆ ನೋಡಿ. ಸೀಲಿಂಗ್ ಕಾಣುತ್ತಾ? ಗೋಡೆಯ ಮೇಲಿನ ಕ್ಯಾಲೆಂಡರಿನ ತಾರೀಖು ಓದೋಕೆ ಆಗುತ್ತಾ? ಆಗುತ್ತದೆ ಅಂದರೆ ಪರದೆಯಿಂದ ಹೊರಟ ಬೆಳಕು ಕೋಣೆ ತುಂಬಾ ಹರಡಿದೆ, ಅದರಲ್ಲಿ ಒಂದು ಪಾಲು ಮತ್ತೆ ಪರದೆಗೇ ಬಂದು ಬೀಳುತ್ತಿದೆ.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಬೇಕು. ಪ್ರೊಜೆಕ್ಟರಿಗೆ ಕಪ್ಪನ್ನು ಬಿಡುವ ಶಕ್ತಿ ಇಲ್ಲ. ಅದು ಬಿಡುವುದು ಬೆಳಕು ಮಾತ್ರ. ಚಿತ್ರದಲ್ಲಿ ಎಲ್ಲಿ ಕಪ್ಪು ಬೇಕೋ ಅಲ್ಲಿ ಆದಷ್ಟೂ ಬೆಳಕು ಬಿಡದೆ ಸುಮ್ಮನಿರುತ್ತದೆ, ಅಷ್ಟೆ. ಆ ಜಾಗದಲ್ಲಿ ಆಗ ಕಾಣುವುದು ಪರದೆಯೇ, ಆ ಪರದೆಯೋ ಬಿಳಿ ಬಟ್ಟೆ. ಅದರ ಮೇಲೆ ಯಾವ ಮೂಲೆಯಿಂದ ಎಷ್ಟು ಬೆಳಕು ಬಂದರೂ ಅಷ್ಟನ್ನು ತೋರಿಸುತ್ತದೆ. ಅಂದರೆ ನಿಮ್ಮ ಚಿತ್ರದ ಕಪ್ಪು ಎಷ್ಟು ಕಪ್ಪು ಅನ್ನುವುದರಲ್ಲಿ ದೊಡ್ಡ ಪಾಲು ನಿಮ್ಮ ಕೋಣೆಯದು.

ಲೆಕ್ಕ ಸುಲಭ. ಪರದೆಯ ಅರ್ಧ ಭಾಗ ಬಿಳಿ, ಅರ್ಧ ಕಪ್ಪು ಅಂದುಕೊಳ್ಳಿ. ಬಿಳಿಯ ಬೆಳಕು 100 ಇದ್ದು, ಅದು ಕೋಣೆ ಸುತ್ತಿಕೊಂಡು ಬಂದು ಕಪ್ಪು ಭಾಗದ ಮೇಲೆ ಬರೀ 1ರಷ್ಟು ಬಿದ್ದರೂ ಸಾಕು, ಅಲ್ಲಿನ ಕಾಂಟ್ರಾಸ್ಟ್, ಅಂದರೆ ಬಿಳಿಯ ಬೆಳಕು ಕಪ್ಪಿನದಕ್ಕಿಂತ ಎಷ್ಟು ಪಟ್ಟು ಅನ್ನುವ ಲೆಕ್ಕ, 100ಕ್ಕೆ 1 ದಾಟುವುದೇ ಇಲ್ಲ. ಡಬ್ಬದ ಮೇಲೆ ಲಕ್ಷಕ್ಕೆ 1 ಅಂತ ಬರೆದಿದ್ದರೂ ಅಷ್ಟೇ. ಡಬ್ಬದ ಮೇಲಿನ ಸಂಖ್ಯೆ ಸಾಮಾನ್ಯವಾಗಿ ಪೂರ್ತಿ ಬಿಳಿ ಚಿತ್ರ ಒಮ್ಮೆ, ಪೂರ್ತಿ ಕಪ್ಪು ಚಿತ್ರ ಒಮ್ಮೆ ಬಿಟ್ಟು ಅಳೆದದ್ದು. ಎರಡೂ ಒಟ್ಟಿಗೆ ಇರುವ ಚಿತ್ರಕ್ಕೆ ಬೇರೆ ಅಳತೆ ಇದೆ: 16 ಚೌಕಗಳ ಚದುರಂಗದ ಮಣೆಯಂಥ ಚಿತ್ರ ಹಾಕಿ ನೋಡುವುದು, ಅದಕ್ಕೆ ಆನ್ಸಿ ಕಾಂಟ್ರಾಸ್ಟ್ ಅನ್ನುತ್ತಾರೆ. ಬಿಳಿ ಗೋಡೆಯ ಕೋಣೆಯಲ್ಲಿ ಆ ಸಂಖ್ಯೆ ನೆಲಕಚ್ಚುತ್ತದೆ.

ಇದರಿಂದಲೇ ಇನ್ನೊಂದು ಮಾತೂ ಅರ್ಥವಾಗುತ್ತದೆ. ಪೂರ್ತಿ ಕತ್ತಲಿನ ದೃಶ್ಯದಲ್ಲಿ ಕೋಣೆಯ ಬಣ್ಣ ಅಷ್ಟಾಗಿ ಕೆಲಸ ಕೆಡಿಸುವುದಿಲ್ಲ, ಯಾಕೆಂದರೆ ಚೆಲ್ಲುವುದಕ್ಕೆ ಬೆಳಕೇ ಇಲ್ಲ. ಅಲ್ಲಿ ಪ್ರೊಜೆಕ್ಟರಿನ ಸ್ವಂತ ಗುಣವೇ ಮುಖ್ಯ. ಕೋಣೆ ಏಟು ಕೊಡುವುದು ಬೆರಕೆ ದೃಶ್ಯಗಳಲ್ಲಿ. ರಾತ್ರಿ ಜಾತ್ರೆಯ ಬೀದಿ, ಒಂದು ಕಡೆ ಅಂಗಡಿಯ ದೀಪಗಳು, ಇನ್ನೊಂದು ಕಡೆ ಕತ್ತಲೆಯಲ್ಲಿ ನಿಂತ ಜನ. ದೀಪದ ಬೆಳಕು ಸೀಲಿಂಗಿಗೆ ಹೋಗಿ ವಾಪಸ್ ಬಂದು ಆ ಜನರ ಮುಖದ ಮೇಲೆ ಕೂರುತ್ತದೆ. ಛಾಯಾಗ್ರಾಹಕರು ಗಂಟೆಗಟ್ಟಲೆ ಲೈಟಿಂಗ್ ಮಾಡಿ ಕಟ್ಟಿದ ನೆರಳು ಅಲ್ಲಿ ಚಪ್ಪಟೆಯಾಗಿ ಹೋಗುತ್ತದೆ. ನಾನು ಇಷ್ಟು ಉದ್ದ ಬರೆಯುತ್ತಿರುವುದೇ ಇದಕ್ಕೆ. ಅವರು ಮಾಡಿದ ಕೆಲಸ ನಮ್ಮ ಮನೆಯ ಸುಣ್ಣದ ಬಣ್ಣಕ್ಕೆ ಬಲಿಯಾಗಬಾರದು.

ಇನ್ನು ಬೆಳಕಿನ ಪ್ರಮಾಣ. ಡಿಜಿಟಲ್ ಸಿನಿಮಾದ ಮಾನದಂಡದ ಪ್ರಕಾರ ಥಿಯೇಟರಿನ ಪರದೆಯ ಮೇಲೆ ಬಿಳಿ ಇರಬೇಕಾದ್ದು 48 ನಿಟ್ಸ್ (ಪರದೆ ಎಷ್ಟು ಬೆಳಗುತ್ತದೆ ಅನ್ನುವುದರ ಅಳತೆ). ಮನೆಯ ಸಾಧಾರಣ ಟಿವಿಯೇ 250-300 ನಿಟ್ಸ್ ಕೊಡುತ್ತದೆ. ಥಿಯೇಟರಿನಲ್ಲಿ ಅಷ್ಟು ಕಡಿಮೆ ಬೆಳಕಿನಲ್ಲೂ ಚಿತ್ರ ಕಣ್ಣಿಗೆ ತುಂಬುವುದು ಸುತ್ತಲೂ ಕತ್ತಲಿರುವುದರಿಂದ. ಮುಂದಿನ ಸಲ ಹೋದಾಗ ಗಮನಿಸಿ, ಪರದೆಯ ಸುತ್ತ ಕಪ್ಪು ಬಟ್ಟೆ, ಅಕ್ಕಪಕ್ಕದ ಗೋಡೆ ಗಾಢ ಬಣ್ಣ, ಮೇಲೆಯೂ ಗಾಢ. ಮನೆಯಲ್ಲಿ ನಾವು ಇದರ ತಿರುಗುಮುರುಗು ಮಾಡುತ್ತೇವೆ: ಬೆಳಕು ಸಾಲದು ಅಂತ ಜಾಸ್ತಿ ಲ್ಯೂಮೆನ್ಸ್ ಇರುವ, ಅಂದರೆ ಒಟ್ಟು ಬೆಳಕು ಜಾಸ್ತಿ ಬಿಡುವ ಪ್ರೊಜೆಕ್ಟರ್ ತರುತ್ತೇವೆ, ಚೆಲ್ಲುವ ಬೆಳಕೂ ಅಷ್ಟೇ ಜಾಸ್ತಿ ಆಗುತ್ತದೆ, ಕಾಂಟ್ರಾಸ್ಟ್ ಇದ್ದಲ್ಲೇ ಇರುತ್ತದೆ.

ಬಿಳಿ ಪೇಂಟ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ 80 ಅಥವಾ ಅದಕ್ಕೂ ಜಾಸ್ತಿ ವಾಪಸ್ ಎಸೆಯುತ್ತದೆ. ಮ್ಯಾಟ್, ಅಂದರೆ ಹೊಳಪಿಲ್ಲದ ಕಪ್ಪು ಪೇಂಟ್ ಶೇಕಡಾ 5ರ ಆಸುಪಾಸು. ಒಳ್ಳೆ ಕಪ್ಪು ವೆಲ್ವೆಟ್ ಅದಕ್ಕಿಂತಲೂ ಎಷ್ಟೋ ಕಡಿಮೆ, ಶೇಕಡಾ 1ರ ಹತ್ತಿರ. ಬೆಳಕು ಒಂದೇ ಸಲ ಬಡಿದು ನಿಲ್ಲುವುದಿಲ್ಲ ಅನ್ನುವುದೂ ನೆನಪಿರಲಿ. ಸೀಲಿಂಗಿಗೆ, ಅಲ್ಲಿಂದ ಗೋಡೆಗೆ, ಅಲ್ಲಿಂದ ಪರದೆಗೆ. ಬಿಳಿ ಕೋಣೆಯಲ್ಲಿ ಎರಡು ಸಲ ಬಡಿದ ಮೇಲೂ 100ರಲ್ಲಿ 64 ಉಳಿದಿರುತ್ತದೆ. ಮ್ಯಾಟ್ ಕಪ್ಪಿನಲ್ಲಿ ಎರಡನೇ ಏಟಿಗೆ 100ರಲ್ಲಿ ಉಳಿಯುವುದು ಒಂದೂ ಅಲ್ಲ, ಬರೀ 0.25.

ಎಲ್ಲಿಂದ ಶುರು ಮಾಡಬೇಕು? ಪರದೆಗೆ ಅಂಟಿಕೊಂಡಿರುವ ಮೊದಲ ನಾಲ್ಕೈದು ಅಡಿ. ಅದರಲ್ಲೂ ಸೀಲಿಂಗ್. ಬಹಳ ಮನೆಗಳಲ್ಲಿ ಗೋಡೆಗೆ ಕೆನೆಯೋ ಹಳದಿಯೋ ಏನೋ ಬಣ್ಣ ಇರುತ್ತದೆ, ಸೀಲಿಂಗ್ ಮಾತ್ರ ಬಿಳಿಯೇ. ಪಿಒಪಿ ಅಥವಾ ಜಿಪ್ಸಮ್ ಬೋರ್ಡಿನ ಫಾಲ್ಸ್ ಸೀಲಿಂಗ್ ಮಾಡಿಸಿದ್ದರೆ ಅದು ಇನ್ನೂ ಅರ್ಧ ಅಡಿ ಪರದೆಯ ಹತ್ತಿರ ಬಂದಿರುತ್ತದೆ. ಅದಾದ ಮೇಲೆ ಎಡಬಲದ ಗೋಡೆ. ಆಮೇಲೆ ನೆಲ. ವಿಟ್ರಿಫೈಡ್ ಟೈಲ್ಸ್ ಇದ್ದರೆ ಚಿತ್ರ ತಲೆಕೆಳಗಾಗಿ ನೆಲದಲ್ಲೇ ಇನ್ನೊಂದು ಸಲ ಕಾಣುತ್ತದೆ, ಅದಕ್ಕೆ ದಪ್ಪನೆಯ ಗಾಢ ಬಣ್ಣದ ಜಮಖಾನ ಹಾಸಿದರೆ ಆಯಿತು. ಚಿಕ್ಕ ಕೋಣೆಯಾದರೆ ಹಿಂದಿನ ಗೋಡೆಯನ್ನೂ ಬಿಡಬೇಡಿ, ಅದು ಪರದೆಗೆ ನೇರ ಎದುರಿಗೆ ನಿಂತಿರುತ್ತದೆ.

ನಮ್ಮದು ಮೈಸೂರಿನಲ್ಲಿ ಮಹಡಿ ಮೇಲಿನ ಕೋಣೆ, ಹತ್ತು ಅಡಿ ಅಗಲ, ಹದಿನಾಲ್ಕು ಅಡಿ ಉದ್ದ. ಕಪ್ಪು ಪೇಂಟ್ ಅಂದ ಕೂಡಲೇ ಅಮ್ಮ ನಿಂತಲ್ಲೇ ನಿಂತರು. "ದೀಪ ಹಚ್ಚೋ ಮನೆ ಕಣೋ, ಒಳಗೆ ಕಪ್ಪು ಬಳಿಯೋದಾ? ನೆಂಟರು ಏನಂದ್ಕೋತಾರೆ?" ಆ ಮಾತನ್ನು ತಳ್ಳಿಹಾಕುವುದು ನನಗೆ ಇಷ್ಟವಿಲ್ಲ. ಆ ಕೋಣೆಯಲ್ಲಿ ಹಗಲು ಹೊತ್ತು ಅಮ್ಮ ಹೂ ಕಟ್ಟುತ್ತಾರೆ, ಅಕ್ಕನ ಮಕ್ಕಳು ಬಂದರೆ ಅಲ್ಲೇ ಓದಿಕೊಳ್ಳುತ್ತಾರೆ. ಹಾಗಾಗಿ ಸೀಲಿಂಗಿಗೂ ಪರದೆಯ ಹಿಂದಿನ ಗೋಡೆಗೂ ಗಾಢ ಬೂದು ಬಣ್ಣ, ಎಡಬಲದ ಗೋಡೆಗೆ ಹಳೆ ಬಣ್ಣವೇ, ಅದರ ಮುಂದೆ ಕಂಬಿ ಹಾಕಿ ಎಳೆಯುವ ಕಪ್ಪು ವೆಲ್ವೆಟ್ ಕರ್ಟನ್. ಸಿನಿಮಾ ಇದ್ದಾಗ ಪರದೆಯಿಂದ ಹಿಂದಕ್ಕೆ ಎಳೆದರೆ ಗೋಡೆ ಮುಚ್ಚುತ್ತದೆ. ಮುಗಿದ ಮೇಲೆ ಮೂಲೆಗೆ ಸರಿಸಿದರೆ ಕೋಣೆ ಮೊದಲಿನ ಹಾಗೆ. ಹಾಲ್‌ನಲ್ಲೇ ಪ್ರೊಜೆಕ್ಟರ್ ಇಟ್ಟುಕೊಂಡವರಿಗೆ, ಬಾಡಿಗೆ ಮನೆಯವರಿಗೆ, ಇದಕ್ಕಿಂತ ಒಳ್ಳೆ ದಾರಿ ನನಗೆ ಕಂಡಿಲ್ಲ.

ಪೇಂಟಿನ ವಿಷಯದಲ್ಲಿ ಬಣ್ಣದಷ್ಟೇ ಮುಖ್ಯ ಅದರ ಫಿನಿಶ್. ಪೇಂಟ್ ಮಾಡುವವರು ಹೇಳಿದ್ದು, "ಸಾರ್, ಮ್ಯಾಟ್ ಹೊಡೆದ್ರೆ ಕೈ ಗುರುತು ಬೀಳುತ್ತೆ, ಸ್ವಲ್ಪ ಶೈನಿಂಗ್ ಇರೋದೇ ಹಾಕೋಣ." ಅವರ ಮಾತು ಸುಳ್ಳಲ್ಲ, ಗಾಢ ಮ್ಯಾಟ್ ಗೋಡೆಗೆ ಒರಗಿದರೆ ಗುರುತು ಉಳಿಯುತ್ತದೆ, ತಿಕ್ಕಿದ ಕಡೆ ಹೊಳಪು ಬರುತ್ತದೆ. ಆದರೆ ಸೀಲಿಂಗಿಗೆ ಯಾರು ಒರಗುತ್ತಾರೆ? ಹೊಳಪಿನ ಕಪ್ಪು ಸೀಲಿಂಗ್ ಕನ್ನಡಿಯಂತೆ ಇಡೀ ಚಿತ್ರವನ್ನು ಮೇಲೆ ತೋರಿಸುತ್ತದೆ, ಬೆಳಕು ಓರೆಯಾಗಿ ಬಿದ್ದಷ್ಟೂ ಆ ಹೊಳಪು ಜಾಸ್ತಿ, ಪರದೆಯ ಪಕ್ಕದಲ್ಲಿ ಬೆಳಕು ಬೀಳುವುದೇ ಓರೆಯಾಗಿ. ಸೀಲಿಂಗಿಗೆ ಪಟ್ಟು ಹಿಡಿದು ಮ್ಯಾಟ್ ಕೇಳಿ. ಕೆಲವು ಶೇಡ್ ಕಾರ್ಡುಗಳಲ್ಲಿ ಎಲ್‌ಆರ್‌ವಿ ಅಂತ ಒಂದು ಸಂಖ್ಯೆ ಇರುತ್ತದೆ, ಆ ಬಣ್ಣ ಎಷ್ಟು ಬೆಳಕು ವಾಪಸ್ ಎಸೆಯುತ್ತದೆ ಅನ್ನುವ ಅಳತೆ. 0 ಅಂದರೆ ಪೂರ್ತಿ ಕಪ್ಪು, 100 ಅಂದರೆ ಪೂರ್ತಿ ಬಿಳಿ. 10ಕ್ಕಿಂತ ಕೆಳಗಿನದು ನೋಡಿ. ಬಣ್ಣಕ್ಕೆ ಮೊದಲು ಹೊಡೆಯುವ ಪ್ರೈಮರ್‌ಗೇ ಬೂದು ಬಣ್ಣ ಬೆರೆಸಿಕೊಡಿ ಅಂತ ಅಂಗಡಿಯಲ್ಲಿ ಹೇಳಿ, ಇಲ್ಲದಿದ್ದರೆ ಗಾಢ ಬಣ್ಣದ ಕೆಳಗೆ ಬಿಳಿ ಇಣುಕುತ್ತದೆ, ಕೋಟ್ ಮೇಲೆ ಕೋಟ್ ಹೊಡೆಯಬೇಕಾಗುತ್ತದೆ. ಕಡು ಕೆಂಪು ಬಣ್ಣದ ಆಸೆ ಎಷ್ಟೋ ಜನರಿಗೆ ಇರುತ್ತದೆ, ಹಳೆ ಟಾಕೀಸಿನ ನೆನಪಿಗೆ. ಬೇಡ ಅನ್ನುತ್ತೇನೆ. ಕೆಂಪು ಗೋಡೆಯಿಂದ ವಾಪಸ್ ಬರುವ ಬೆಳಕೂ ಕೆಂಪೇ, ಅದು ಮುಖಗಳ ಬಣ್ಣ ಕೆಡಿಸುತ್ತದೆ. ಹಾಕಲೇಬೇಕು ಅಂದರೆ ಹಿಂದಿನ ಗೋಡೆಗೆ ಹಾಕಿ, ಬಹಳ ಗಾಢವಾಗಿ.

ಬಟ್ಟೆ ಆರಿಸುವಾಗ ಮೊಬೈಲ್ ಟಾರ್ಚ್ ಜೇಬಿನಲ್ಲಿರಲಿ. ವೆಲ್ವೆಟ್ ಮೇಲೆ ಓರೆಯಾಗಿ ಬೆಳಕು ಬಿಡಿ. ಮಿನುಗಿದರೆ ಬೇಡ, ಮದುವೆ ಮಂಟಪಕ್ಕೆ ಕಟ್ಟುವ ಹೊಳೆಯುವ ವೆಲ್ವೆಟ್ ನಮ್ಮ ಕೆಲಸಕ್ಕೆ ಆಗುವುದಿಲ್ಲ. ಕಿಟಕಿಗೆ ಬ್ಲ್ಯಾಕೌಟ್ ಬಟ್ಟೆ ಕೊಳ್ಳುವಾಗ ಟಾರ್ಚನ್ನು ಹಿಂದೆ ಹಿಡಿಯಿರಿ, ಅಂಗಡಿಯವರು ಬ್ಲ್ಯಾಕೌಟ್ ಅಂದದ್ದೆಲ್ಲ ಬ್ಲ್ಯಾಕೌಟ್ ಅಲ್ಲ. ಬಟ್ಟೆ ಸರಿಯಿದ್ದರೂ ಮೇಲಿನ ಕಂಬಿಯ ಸಂದಿಯಿಂದ ಬೆಳಕು ಬಂದೇ ಬರುತ್ತದೆ, ಕಿಟಕಿಗಿಂತ ಎರಡೂ ಕಡೆ ಅರ್ಧ ಅಡಿ ಜಾಸ್ತಿ ಅಗಲ ಹೊಲಿಸಿ.

ವೆಲ್ವೆಟ್ ದುಬಾರಿ ಅನ್ನಿಸಿದರೆ ಕರಿ ಕಂಬಳಿ ನೋಡಿ. ನಿಜವಾಗಿ ಹೇಳುತ್ತಿದ್ದೇನೆ. ಚಳ್ಳಕೆರೆ ಕಡೆ ಕುರಿಯ ಉಣ್ಣೆಯಲ್ಲಿ ನೇಯುವ ಕರಿ ಕಂಬಳಿಯ ಮೈ ಒರಟು, ಹೊಳಪು ಅನ್ನುವುದೇ ಇಲ್ಲ, ಗೋಡೆಗೆ ತೂಗಿದರೆ ಬೆಳಕನ್ನು ಚೆನ್ನಾಗಿ ನುಂಗುತ್ತದೆ. ಖಾಲಿ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ ಝಣ್ ಅನ್ನುವ ಮಾರ್ದನಿಯೂ ತಗ್ಗುತ್ತದೆ. ದಪ್ಪ ಬಟ್ಟೆ ಮೇಲಿನ ಸ್ವರಗಳನ್ನು ಹೀರುತ್ತದೆ, ಬೇಸ್‌ಗೆ ಮಾತ್ರ ಅದರಿಂದ ಏನೂ ಆಗುವುದಿಲ್ಲ. ಹುಳು ಹಿಡಿಯದ ಹಾಗೆ ಆಗಾಗ ಬಿಸಿಲಿಗೆ ಹಾಕಬೇಕು. ಕರಾವಳಿ, ಮಲೆನಾಡಿನವರು ಒಂದು ಎಚ್ಚರ ವಹಿಸಬೇಕು: ಯಾವ ಬಟ್ಟೆಯನ್ನೂ ಗೋಡೆಗೆ ಅಂಟಿಸಬೇಡಿ. ಮಳೆಗಾಲದಲ್ಲಿ ಗೋಡೆ ಬೆವರುತ್ತದೆ, ಹಿಂದೆ ಬೂಷ್ಟು ಬೆಳೆಯುತ್ತದೆ, ಕೋಣೆ ಮುಚ್ಚಿಯೇ ಇರುವುದರಿಂದ ವಾಸನೆ ಬರುವ ತನಕ ಗೊತ್ತೇ ಆಗುವುದಿಲ್ಲ. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ಗೋಡೆಯಿಂದ ಎರಡು ಬೆರಳು ಬಿಟ್ಟು ತೂಗುಹಾಕಿ. ಪ್ರೊಜೆಕ್ಟರಿನ ಬಿಸಿಗಾಳಿ ಬರುವ ಕಡೆ ಬಟ್ಟೆಯೂ ಬೇಡ, ಥರ್ಮಾಕೋಲೂ ಬೇಡ.

ಗೋಡೆ ಕಪ್ಪಾದ ಮೇಲೆ ಅಲ್ಲಿಯ ತನಕ ಕಾಣದಿದ್ದ ಸಣ್ಣಪುಟ್ಟವು ಕಣ್ಣಿಗೆ ಚುಚ್ಚುತ್ತವೆ. ಬಿಳಿ ಸೀಲಿಂಗ್ ಫ್ಯಾನ್ ನಿಧಾನಕ್ಕೆ ತಿರುಗಿದರೆ ಅದರ ರೆಕ್ಕೆ ಮೇಲೆ ಚಿತ್ರದ ಬೆಳಕು ಮಿಣಮಿಣ ಅನ್ನುತ್ತಿರುತ್ತದೆ, ಕಂದು ಬಣ್ಣದ ಫ್ಯಾನ್ ಹಾಕಿದರೆ ಸಮಾಧಾನ. ಎಸಿಯ ಬಿಳಿ ಪ್ಲಾಸ್ಟಿಕ್ ಮೈ, ಬಿಳಿ ಸ್ವಿಚ್‌ಬೋರ್ಡ್, ಟೀಪಾಯಿಯ ಗಾಜು, ಸ್ಟೆಬಿಲೈಸರಿನ ಕೆಂಪು ಅಂಕಿಗಳು, ಸೆಟ್‌ಟಾಪ್ ಬಾಕ್ಸಿನ ನೀಲಿ ಚುಕ್ಕೆ. ಚುಕ್ಕೆಗಳಿಗೆ ಎಲೆಕ್ಟ್ರಿಷಿಯನ್ ಬಳಸುವ ಕಪ್ಪು ಟೇಪ್ ಸಾಕು. ಪರದೆಯ ಕೆಳಗೆ ಇಟ್ಟ ಸೆಂಟರ್ ಸ್ಪೀಕರಿನ ಮೇಲ್ಮೈ ಹೊಳೆಯುವಂಥದ್ದಾದರೆ ಅದರ ಮೇಲೆ ಕಪ್ಪು ಬಟ್ಟೆಯ ತುಂಡು ಹಾಸಿ. ದೇವರ ಪಟಕ್ಕೆ ಗಾಜು ಇದ್ದರೆ ಅದನ್ನು ಪರದೆಯ ಎದುರು ಗೋಡೆಯಿಂದ ಪಕ್ಕದ ಗೋಡೆಗೆ ಸರಿಸಬಹುದು, ಅಮ್ಮ ಇದಕ್ಕೆ ತಕ್ಷಣ ಒಪ್ಪಿದರು.

ಎಎಲ್‌ಆರ್ ಪರದೆ ತಗೊಂಡರೆ ಇದೆಲ್ಲ ಬೇಕಾ ಅಂತ ಕೇಳುತ್ತಾರೆ. ಸುತ್ತಲಿನ ಬೆಳಕನ್ನು ಬೇರೆ ದಿಕ್ಕಿಗೆ ತಿರುಗಿಸಲು ಮಾಡಿದ ಪರದೆ ಅದು, ಕೆಲಸ ಮಾಡುತ್ತದೆ. ಗೋಡೆ ಮುಟ್ಟುವ ಹಾಗೇ ಇಲ್ಲದ ಹಾಲ್‌ಗೆ, ಗೋಡೆ ಪಕ್ಕದಲ್ಲೇ ಇಡುವ ಅಲ್ಟ್ರಾ ಶಾರ್ಟ್ ಥ್ರೋ ಪ್ರೊಜೆಕ್ಟರಿಗೆ, ಅದೇ ಸರಿ. ಆದರೆ ಒಳ್ಳೆಯದರ ಬೆಲೆ ಕೇಳಿದರೆ ಮೂಗಿಗಿಂತ ಮೂಗುತಿ ಭಾರ. ಕೆಲವದರಲ್ಲಿ ಬಿಳಿ ಜಾಗದಲ್ಲಿ ಸಣ್ಣ ಮಿನುಗು ಕಾಣುತ್ತದೆ, ಪಕ್ಕದಲ್ಲಿ ಕೂತವರಿಗೆ ಚಿತ್ರ ಮಂಕಾಗುತ್ತದೆ. ಕೋಣೆ ಕಪ್ಪು ಮಾಡಲು ಆಗುವವರು ಸಾದಾ ಮ್ಯಾಟ್ ಬಿಳಿ ಪರದೆಯಲ್ಲೇ ಇದಕ್ಕಿಂತ ಚೆನ್ನಾಗಿ ನೋಡಬಹುದು.

ಟಿವಿ ಇರುವವರಿಗೆ ಲೆಕ್ಕ ಬೇರೆ. ಓಎಲ್‌ಇಡಿ ಟಿವಿ ಕಪ್ಪು ಬೇಕಾದ ಕಡೆ ತನ್ನ ಬೆಳಕಿನ ಚುಕ್ಕೆಗಳನ್ನೇ ಆರಿಸಿ ತನ್ನ ಕಪ್ಪನ್ನು ತಾನೇ ಮಾಡಿಕೊಳ್ಳುತ್ತದೆ. ಅಲ್ಲಿ ತೊಂದರೆ ಗಾಜಿನಲ್ಲಿ ಕಾಣುವ ಕಿಟಕಿ, ದೀಪ, ಸೋಫಾ. ಅವರು ಟಿವಿಗೆ ಎದುರಾಗಿರುವುದನ್ನು ಕತ್ತಲೆ ಮಾಡಿದರೆ ಸಾಕು, ಟಿವಿಯ ಹಿಂದೆ 6500 ಕೆಲ್ವಿನ್‌ನ ಮಂದ ಬಿಳಿ ದೀಪ ಇಟ್ಟುಕೊಂಡರೆ ಕಣ್ಣಿಗೂ ಆರಾಮ. ಪ್ರೊಜೆಕ್ಟರ್ ಪರದೆಯ ಹಿಂದೆ ಮಾತ್ರ ಆ ದೀಪ ಇಡಬೇಡಿ.

ಖರ್ಚು ಮಾಡುವ ಮೊದಲು ಒಂದು ಸಂಜೆ ಪರೀಕ್ಷೆ ಮಾಡಿ. ಮನೆಯಲ್ಲಿರುವ ಕಪ್ಪು ಬೆಡ್‌ಶೀಟ್, ಶಾಲು, ಸ್ಟೇಷನರಿ ಅಂಗಡಿಯ ಕಪ್ಪು ಚಾರ್ಟ್ ಪೇಪರ್ ಏನಾದರೂ ಆಗಲಿ, ಪರದೆಯ ಮೇಲಿನ ಸೀಲಿಂಗಿಗೆ ಮತ್ತು ಒಂದು ಬದಿಯ ಗೋಡೆಗೆ ಅಂಟಿಸಿ. ಇನ್ನೊಂದು ಬದಿಯನ್ನು ಹಾಗೇ ಬಿಡಿ. ಒಂದು ಬೆರಕೆ ದೃಶ್ಯ ಹಾಕಿ ನಿಲ್ಲಿಸಿ, ಚಿತ್ರದ ಎರಡೂ ಅಂಚಿನ ಕಪ್ಪನ್ನು ಹೋಲಿಸಿ. ಮನೆಯವರನ್ನೂ ಕರೆದು ತೋರಿಸಿ, ಯಾವ ಕಡೆ ಚೆನ್ನಾಗಿದೆ ಅಂತ ಅವರೇ ಹೇಳಲಿ. ವ್ಯತ್ಯಾಸ ಕಂಡರೆ ಮೊದಲು ಸೀಲಿಂಗಿನ ಅಳತೆ ತಗೊಂಡು ಪೇಂಟ್ ಅಂಗಡಿಗೆ ಹೋಗಿ, ಕರ್ಟನ್ ಮುಂದಿನ ತಿಂಗಳ ಸಂಬಳಕ್ಕೆ ಇಟ್ಟುಕೊಳ್ಳಬಹುದು.