ಹಾಜರಿ ಬಹುಮಾನ

ನಾನು ಎಂಟನೇ ತರಗತಿಯಲ್ಲಿದ್ದಾಗ, 1997ರ ಆಗಸ್ಟ್ 15ರಂದು, ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾಯಿತು. ಆ ಸಾಲಿನ ಶಾಲಾ ವಾರ್ಷಿಕೋತ್ಸವದಲ್ಲಿ ನನಗೆ ಪೂರ್ಣ ಹಾಜರಾತಿಯ ಬಹುಮಾನ ಬಂದಿತು. ಒಂದು ಕಂಪಾಸ್ ಪೆಟ್ಟಿಗೆ. ಅದನ್ನು ನೆನೆದಾಗಲೆಲ್ಲ ಈಗಲೂ ಮನಸ್ಸಿಗೆ ಇರಿಸುಮುರಿಸಾಗುತ್ತದೆ.

ನಮ್ಮ ಮನೆ ಇದ್ದದ್ದು ಶಾಲೆಯ ಹಿಂದಿನ ಬೀದಿಯಲ್ಲಿ. ಗಂಟೆ ಕೇಳಿಸಿದ ಮೇಲೆ ಹೊರಟರೂ ಪ್ರಾರ್ಥನೆಯ ಸಾಲಿಗೆ ತಲುಪುತ್ತಿದ್ದೆ. ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಮಾತ್ರ ವಾರಕ್ಕೆ ಎರಡು ಮೂರು ದಿನ ತಡ. ತಡವಾದವರು ಮೊದಲ ಪಿರಿಯಡ್ ಮುಗಿಯುವವರೆಗೆ ಹೊರಗೆ ನಿಲ್ಲಬೇಕಿತ್ತು. ಅವನಿಗೆ ಶ್ರದ್ಧೆಯಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಹಾಗೆಯೇ ನಂಬಿದ್ದೆ.

ಪರೀಕ್ಷೆಯ ದಿನಗಳಲ್ಲಿ ಒಮ್ಮೆ ಅವನಿಂದ ನೋಟ್‌ಬುಕ್ ವಾಪಸು ತರಲು ನಸುಕಿನಲ್ಲೇ ಆಜಾದ್ ನಗರದ ಕಡೆಗೆ ಹೋದೆ. ಅವನ ಅಪ್ಪ ಬಾಡಿಗೆಗೆ ಹಿಡಿದಿದ್ದ ಮಂಡಕ್ಕಿ ಭಟ್ಟಿ ಅದು. ಒಳಗೆ ಕಾಲಿಟ್ಟ ಕೂಡಲೇ ಹೊಗೆಗೆ ಕಣ್ಣು ಉರಿಯಿತು. ಅಪ್ಪ ಕಾದ ಮರಳಿಗೆ ಉಪ್ಪುನೀರು ಸವರಿದ ಅಕ್ಕಿ ಸುರಿದು ಕೈಯಾಡಿಸುತ್ತಿದ್ದರು. ಕಣ್ಣು ಮಿಟುಕಿಸುವಷ್ಟರಲ್ಲಿ ಬಾಣಲೆಯ ತುಂಬ ಬೆಳ್ಳಗೆ ಅರಳಿತು, ಜರಡಿಯಲ್ಲಿ ಮರಳು ಉದುರಿ ಮತ್ತೆ ಬಾಣಲೆಗೆ ಹೋಯಿತು. ಒಲೆಯ ಬಾಯಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಭತ್ತದ ಹೊಟ್ಟನ್ನು ಹಿಡಿಹಿಡಿಯಾಗಿ ತೂರುತ್ತಿದ್ದವನು ನನ್ನ ಗೆಳೆಯ. ಕಾವು ಇಳಿದರೆ ಅಕ್ಕಿ ಅರಳುವುದಿಲ್ಲ, ಏರಿದರೆ ಕರಕಲು. ಅದಕ್ಕೇ ಅವನು ತಿರುಗಿ ನೋಡದೆ ಮಾತನಾಡಿದ. ಹುಬ್ಬಿನ ಮೇಲೆ ಬೂದಿ, ಮುಂಗೈ ಮೇಲೆ ಬಿಸಿ ಮರಳು ಸಿಡಿದ ಸಣ್ಣ ಸಣ್ಣ ಕಲೆ. ಆ ಕಲೆಗಳನ್ನು ತರಗತಿಯಲ್ಲಿ ದಿನವೂ ಕಂಡಿದ್ದೆ, ಏನೆಂದು ಕೇಳಿರಲಿಲ್ಲ.

ನಾನು ಮುಸುಕೆಳೆದು ಮಲಗಿರುವ ಹೊತ್ತಿಗೆ ಅವನು ಅರ್ಧ ದಿನದ ದುಡಿಮೆ ಮುಗಿಸಿ, ಬೂದಿ ತೊಳೆದುಕೊಂಡು, ಅಷ್ಟು ದೂರ ನಡೆದು ಬರುತ್ತಿದ್ದ. ಹತ್ತು ನಿಮಿಷ ತಡವಾಗಿ! ಹಾಜರಿ ಪುಸ್ತಕದಲ್ಲಿ ಆ ಹತ್ತು ನಿಮಿಷಕ್ಕೆ ಜಾಗವಿತ್ತು, ಅದಕ್ಕೂ ಮೊದಲಿನ ನಾಲ್ಕು ಗಂಟೆಗಳಿಗೆ ಇರಲಿಲ್ಲ. 1986ರಲ್ಲೇ ಬಾಲಕಾರ್ಮಿಕ ಕಾಯ್ದೆ ಬಂದಿತ್ತು ನಿಜ. ಆದರೆ ಮನೆಯವರ ಜೊತೆಗೂಡಿ ನಡೆಸುವ ಕಸುಬಿಗೆ ಅದರಲ್ಲೇ ವಿನಾಯಿತಿಯಿತ್ತು. ಹಾಗೆಂದು ಆ ಅಪ್ಪನನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಕೂಲಿಯಾಳು ಇಟ್ಟುಕೊಳ್ಳುವ ಶಕ್ತಿಯಿದ್ದವರು ಮಗನ ನಿದ್ದೆ ಕೆಡಿಸುತ್ತಿರಲಿಲ್ಲ.

ಕಂಡದ್ದನ್ನು ನಾನು ಮೇಷ್ಟರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದ್ದರೆ ಅವನನ್ನು ಹೊರಗೆ ನಿಲ್ಲಿಸುತ್ತಿರಲಿಲ್ಲವೆಂದೇ ನನ್ನ ನಂಬಿಕೆ. ನಮ್ಮ ಮೇಷ್ಟರು ಕಲ್ಲುಹೃದಯದವರಲ್ಲ, ಅವರಿಗೆ ಗೊತ್ತಿರಲಿಲ್ಲ ಅಷ್ಟೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ವೇದಿಕೆ ಹತ್ತಿ ಕೈಯೊಡ್ಡಿದೆ.

ಕೆಳಗೆ ಕುಳಿತು ಅವನು ಜೋರಾಗಿ ಚಪ್ಪಾಳೆ ತಟ್ಟಿದ. ಆಮೇಲೆ ಪೆಟ್ಟಿಗೆಯನ್ನು ಇಸಿದುಕೊಂಡು, ಕೈವಾರದ ಮೊನೆಯನ್ನು ಬೆರಳಿಗೆ ಒತ್ತಿ ನೋಡಿ, "ಚೆನ್ನಾಗಿದೆ" ಎಂದು ಹಿಂದಿರುಗಿಸಿದ. ಮರುದಿನವೂ ತಡವಾಗಿಯೇ ಬಂದ. ಎರಡನೇ ಪಿರಿಯಡ್‌ಗೆ ಒಳಗೆ ಬಂದು ಕುಳಿತವನು ಬೆಂಚಿನ ಕೆಳಗಿನಿಂದ ನನ್ನ ಕೈಗೆ ಒಂದು ಕಾಗದದ ಪೊಟ್ಟಣ ಇಟ್ಟ. ನನಗೆ ಬಹುಮಾನ ಬಂದದ್ದಕ್ಕೆಂದು ತಂದದ್ದು. ಒಂದು ಗಂಟೆ ಹೊರಗೆ ನಿಂತಿದ್ದರೂ ಅಂಗಿಯೊಳಗೆ ಇಟ್ಟುಕೊಂಡಿದ್ದರಿಂದ ಮಂಡಕ್ಕಿ ಇನ್ನೂ ಬೆಚ್ಚಗಿತ್ತು.